ಹಾಲು ಕುಡಿದ ಕಡಲಜೀವಿ

ಮಗಳೇ ಗಂಗಾಶ್ರೀ,

ಹಿಮಾಲಯದ ಸ್ಪಿತಿ ಕಣಿವೆಗೆ ಬಂದಿದ್ದೇವೆ. ಇಲ್ಲಿ ಉಸಿರು ಸ್ವಲ್ಪ ತುಟ್ಟಿ, ಆದರೂ ಇಬ್ಬರೂ ಆರಾಮ. ಕೋಟ್ಯಂತರ ವರ್ಷಗಳ ಹಿಂದೆ ಈ ಬೆಟ್ಟ ಸಮುದ್ರದ ತಳವಾಗಿತ್ತಂತೆ. ಆಗಿನ ಚಿಪ್ಪಿನ ಜೀವಿಗಳು ಸುರುಳಿ ಸುತ್ತಿಕೊಂಡೇ ಕಲ್ಲಾಗಿ ಬಿದ್ದಿವೆ. ನಿನ್ನಮ್ಮ ಅಂಥದ್ದೊಂದನ್ನು ನಮ್ಮ ಉಡುತಡಿಯ ನಾಗರಕಲ್ಲಿನಂಥದೇ ಎಂದುಕೊಂಡು, ಚಹಾಕ್ಕೆ ತಂದ ಹಾಲನ್ನೆಲ್ಲ ಎರೆದು ಕುಂಕುಮ ಹಚ್ಚಿದಳು.

"ಅದು ನಾಗಪ್ಪ ಅಲ್ಲ ಕಣೇ, ಬಸವನಹುಳದ ನೆಂಟ!" ಎಂದೆ.

"ಸುಮ್ನಿರ್ರೀ, ಮಗಳ ಹೆರಿಗೆ ಸಲೀಸಾಗ್ಲಿ ಅಂತ ಬೇಡ್ಕಳ್ತಾ ಇದೀನಿ" ಎಂದಳು.

ನಾಲಿಗೆಯ ತುದಿಗೆ ಬಂದಿದ್ದ ಇನ್ನೊಂದು ತಮಾಷೆಯನ್ನು ನುಂಗಿ ನಾನೂ ಕೈಮುಗಿದೆ. ನಾವು ಬರುವವರೆಗೆ ಸೊರಬದ ಮನೆಯಲ್ಲಿ ಭಾರ ಎತ್ತಬೇಡ. ಅಂಚೆಯವರು ಚೀಲ ಕಟ್ಟುತ್ತಿದ್ದಾರೆ. ಉಪ್ಪುನೀರಲ್ಲಿ ಬೆಳೆದ ಈ ದೇವರಿಗೆ ಹಾಲು ಒಗ್ಗಿದರೆ ಸಾಕು.

ನಿನ್ನ ಅಪ್ಪ