ತಟ್ಟೆಯಲ್ಲೇ ಉಳಿದ ಪೀಚ್ ಪೈ

ಪ್ರೀತಿಯ ದೊಡ್ಡಮ್ಮ,

ಅಲಬಾಮಾದ ಸಮಸ್ತ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ, ನಿಮ್ಮ ಡೆಲ್ಫೀನ್ ನಿನ್ನೆ ಒಂದು ತಟ್ಟೆ ಪೀಚ್ ಪೈಯನ್ನು ಮುಟ್ಟದೆ ಎದ್ದು ಬಂದಳು!

ಅಲಬಾಮಾದ ಈ ಹೊಸ ಕಾಲೇಜಿನಲ್ಲಿ ನಮ್ಮ ಸೊರೊರಿಟಿ ಸಂಘದ ಶಾಖೆಯೇ ಇಲ್ಲ. ಬಿಳಿ ಕಂಬಗಳ ಬಂಗಲೆಯ ಇನ್ನೊಂದು ಸೊರೊರಿಟಿಯ ಹುಡುಗಿಯರು ನನ್ನನ್ನು ಸೇರಿಸಿಕೊಳ್ಳಲು ಕರೆದು, ಮುಂದೆ ಪೈ ಇಟ್ಟು ಕೂರಿಸಿದ್ದರು. ಸೇರಿದ್ದರೆ ಅಲ್ಲೇ ಬೆಚ್ಚನೆಯ ಕೋಣೆ. ಆದರೆ ಒಂದು ಸಂಘದಲ್ಲಿ ಪ್ರತಿಜ್ಞೆ ಮಾಡಿದವಳು ಬದುಕಿರುವವರೆಗೂ ಇನ್ನೊಂದಕ್ಕೆ ಸೇರುವಂತಿಲ್ಲವಲ್ಲ! ಅಂಗಿಯ ಮೇಲಿದ್ದ ನಮ್ಮ ಸಂಘದ ಪಿನ್ನು ತೋರಿಸಿದೆ.

“ಅಯ್ಯೋ ಮಾರಾಯ್ತಿ, ಬಿಚ್ಚಿ ಪರ್ಸಿಗೆ ಹಾಕ್ಕೋ. ಇಲ್ಲಿ ಯಾರು ನೋಡ್ತಾರೆ?” ಎಂದಳು ಅವರ ಅಧ್ಯಕ್ಷೆ ಮಾರ್ಲಿಸ್.

“ಇದನ್ನ ಚುಚ್ಚಿದ್ದು ನಮ್ಮ ದೊಡ್ಡಮ್ಮ ಕಣೇ. ಅವರಿಗೆ ಮಿಸಿಸಿಪ್ಪಿಯ ಮನೇಲಿ ಕೂತ್ರೂ ಕಾಣ್ಸತ್ತೆ!”

“ನಿಮ್ಮ ದೊಡ್ಡಮ್ಮನ್ನೇ ಸೇರಿಸ್ಕೋಬೇಕಿತ್ತು ನಾವು!” ಎಂದಳು ಮಾರ್ಲಿಸ್. ಬಂಗಲೆಯೆಲ್ಲ ನಕ್ಕಿತು. ನಾನು ಮಾತ್ರ ಪಟ್ಟಾಭಿಷೇಕ ಮುಗಿಸಿದ ರಾಣಿಯ ಗತ್ತಿನಲ್ಲಿ ಎದೆ ಸೆಟೆಸಿಕೊಂಡು ಮೆಟ್ಟಿಲಿಳಿದೆ. ನೀವು ನೋಡಬೇಕಿತ್ತು.

ಆರೋಗ್ಯ ಚೆನ್ನಾಗಿದೆ, ಮೂಗೊಂದು ಸೋರುತ್ತಿದೆ. ನನ್ನ ಬಾಡಿಗೆ ಕೋಣೆಯ ಹೀಟರು ಕೆಮ್ಮುತ್ತದೆಯೇ ಹೊರತು ಕಾಯುವುದಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿಮ್ಮ ದಪ್ಪ ಕೌದಿಯನ್ನು ಬೇಗ ಪಾರ್ಸೆಲ್ ಮಾಡುತ್ತೀರಾ?

ನಿಮ್ಮ ಡೆಲ್ಫೀನ್