ಕೇಳಬಲ್ಲ, ಕೂಗಲಾರದ ದೋಣಿಗಳ ಪರವಾಗಿ

ಸಮುದ್ರ ಹವಾಮಾನ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟುಕೊಳ್ಳುವುದೇನೂ ಇಲ್ಲ. ದಿನಾ ಬೆಳಗ್ಗೆ ನಿಮ್ಮ ಕಚೇರಿ ರೇಡಿಯೊದಲ್ಲಿ ಚಂಡಮಾರುತದ ಸುದ್ದಿ ಹೇಳುತ್ತದಲ್ಲ, ಆಗ ಕರೆದು ಕೇಳಿದ ದೋಣಿಗಳಿಗೆ ಮಾತ್ರ ಸಲಹೆ. ನಮ್ಮ ಪುಟ್ಟ ಹಾಯಿದೋಣಿಯಲ್ಲಿರುವುದು ಬರೀ ಕೇಳಿಸಿಕೊಳ್ಳುವ ರೇಡಿಯೊ. ತಿರುಗಿ ಮಾತಾಡುವ ಯಂತ್ರವಿಲ್ಲ. ಹಾಗಾಗಿ ನಾನೂ ನನ್ನ ಗಂಡನೂ ಇಷ್ಟು ವರ್ಷ ಪಕ್ಕದ ದೋಣಿಯವರ ಪಾಲಿನ ಬುದ್ಧಿಮಾತನ್ನು ಕದ್ದು ಕೇಳಿಕೊಂಡೇ ಸಮುದ್ರ ಸುತ್ತಿದ್ದೇವೆ.

ಪಕ್ಕದ ದೋಣಿಯ ಒಡತಿಯನ್ನು ನೀವು ಬಲ್ಲಿರಿ. "ನಮಸ್ಕಾರ ಮೇಡಂ, ನಿದ್ದೆ ಚೆನ್ನಾಗಿ ಬಂತಾ?" ಎಂದು ವಿಚಾರಿಸಿದ ಮೇಲೇ ನಿಮ್ಮವರು ಗಾಳಿಯ ವಿಷಯಕ್ಕೆ ಬರುವುದು. ಆಕೆಗೆ ಮೋಡದ ಚಿತ್ರ ತೋರಿಸುವ ಪರದೆಯಿದೆ, ಉಪಗ್ರಹದ ಫೋನಿದೆ, ಸಾಲದ್ದಕ್ಕೆ ನೀವೂ ಇದ್ದೀರಿ. ನಿದ್ದೆ ಬರದೆ ಇನ್ನೇನು? ನಮ್ಮ ನಿದ್ದೆಯನ್ನು ಯಾವ ಇಲಾಖೆ ವಿಚಾರಿಸಬೇಕು?

ಹೋದ ತಿಂಗಳು ಆಕೆಗೆ ನೀವು ಹೇಳಿದಿರಿ: "ಇವತ್ತೇ ಹೊರಡಿ ಮೇಡಂ, ಚಂಡಮಾರುತ ಬರೋದ್ರೊಳಗೆ ದಾಟ್ಬಿಡ್ತೀರಿ." ಆಕೆ ಹೊರಟಳು. ಬೆನ್ನಿಗೇ ನಾವೂ ಲಂಗರು ಎತ್ತಿದೆವು.

"ಅವಳ ದೋಣಿ ನಮ್ಮದರ ಎರಡರಷ್ಟು ಓಡುತ್ತೆ ಕಣ್ರೀ" ಎಂದೆ.

"ಆಫೀಸಿನೋರೇ ಹೇಳಿದ್ದಾರೆ, ಸುಮ್ನಿರೆ" ಎಂದರು ಯಜಮಾನರು.

ಸಲಹೆ ಸರಿಯಾಗಿಯೇ ಇತ್ತು, ಆಕೆಯ ದೋಣಿಗೆ. ಆಕೆ ಬಂದರಿನಲ್ಲಿ ಕಾಫಿ ಕುಡಿಯುವ ಹೊತ್ತಿಗೆ ನಾವು ಹರಿದ ಹಾಯಿ ಹಿಡಿದು ಚಂಡಮಾರುತದ ಅಂಚಿನಲ್ಲಿ ಒದ್ದಾಡುತ್ತಿದ್ದೆವು. ನನ್ನ ತೋಳು ಮುರಿಯಿತು. ಹೇಗೋ ಜೀವ ಉಳಿಸಿಕೊಂಡು ಸುತ್ತ ಗುಡ್ಡವಿರುವ ಒಂದು ಕೊಲ್ಲಿ ಸೇರಿದೆವು. ಮೀನುಗಾರರು ನನ್ನನ್ನು ಕರೆತಂದು ಅಕ್ಕನ ಮನೆ ಮುಟ್ಟಿಸಿದರು. ಯಜಮಾನರು ದೋಣಿ ಬಿಟ್ಟು ಬರಲಿಲ್ಲ. ಫೋನು ಸಿಗದ ಆ ಕೊಲ್ಲಿಯಲ್ಲಿ ಹಾಯಿ ಹೊಲಿಯುತ್ತಾ ಕೂತಿದ್ದಾರೆ.

ಈಗ ಇನ್ನೊಂದು ಚಂಡಮಾರುತ ಅತ್ತ ಹೊರಟಿದೆ. ನಿನ್ನೆ ಅಕ್ಕನ ಅಡುಗೆಮನೆಯಲ್ಲಿ ರೇಡಿಯೊ ಕೇಳುತ್ತಿದ್ದೆ. ಅದೇ ಕೊಲ್ಲಿಯಲ್ಲಿರುವ ದೊಡ್ಡ ದೋಣಿಯೊಂದಕ್ಕೆ ನಿಮ್ಮವರು, "ಭಾನುವಾರ ಆರಾಮಾಗಿ ಹೊರಡಿ ಸಾರ್" ಎಂದರು. ಯಜಮಾನರೂ ಅದನ್ನು ಕೇಳಿರುತ್ತಾರೆ. ಕಚೇರಿಗೆ ಫೋನು ಮಾಡಿ ಬೇಡಿಕೊಂಡರೆ, "ಕರೆದ ದೋಣಿಗಷ್ಟೇ ಉತ್ತರ ಕೊಡೋದಮ್ಮ, ನಿಯಮ ಇರೋದೇ ಹಾಗೆ" ಎಂದರು. ಬಾಯಿಲ್ಲದ ದೋಣಿ ಕರೆಯುವುದು ಹೇಗೆ ಎಂಬುದಕ್ಕೂ ನಿಯಮವಿದೆಯೇ ಸ್ವಾಮಿ?

ಭಾನುವಾರಕ್ಕೆ ಮೊದಲು, ದೊಡ್ಡವರ ಕುಶಲ ವಿಚಾರಿಸಿ ಮುಗಿದ ಮೇಲೆ, ಒಂದೇ ಒಂದು ಮಾತು ಸೇರಿಸಿ: "ನಿಧಾನ ಸಾಗುವ ದೋಣಿಗಳು ಕೊಲ್ಲಿ ಬಿಟ್ಟು ಹೊರಡಬೇಡಿ." ಸಾಧ್ಯವಿದ್ದಿದ್ದರೆ ಅದನ್ನು ನಾನೇ ಹೇಳುತ್ತಿದ್ದೆ. ಆದರೆ ನನ್ನ ಗಂಡನಿಗೆ ದಿನಾ ಬೆಳಗ್ಗೆ ಕೇಳಿಸುವುದು ನಿಮ್ಮ ದನಿ. ನನ್ನ ಹೊಟ್ಟೆಕಿಚ್ಚಿನ ದೊಡ್ಡ ಪಾಲು ಅದರ ಮೇಲೇ.

ಇಂತಿ,
ನಿಮ್ಮ ಕಿವಿಗೆ ಬೀಳದ ದೋಣಿಯ,
ತೋಳು ಮುರಿದುಕೊಂಡ ಮನೆಯಾಕೆ