ಹಗ್ಗ ಬಿಚ್ಚುವುದಿಲ್ಲ, ಅಧ್ಯಕ್ಷರೇ

ಮನೆ ಮಾಲೀಕರ ಸಂಘದ ಮಾನ್ಯ ಅಧ್ಯಕ್ಷರೇ,

ನನ್ನ ಮನೆಯ ಮುಂದೆ, ಮೆಟ್ಟಿಲ ಪಕ್ಕದ ಕಂಬದಿಂದ ಗೇಟಿನ ಕಂಬಕ್ಕೆ ಕಟ್ಟಿರುವ ಬಟ್ಟೆ ಒಣಗಿಸುವ ಹಗ್ಗವನ್ನು ಏಳು ದಿನದೊಳಗೆ ತೆಗೆಯಬೇಕು, ತಪ್ಪಿದರೆ ಸಂಘದ ಕಾವಲುಗಾರರೇ ಬಂದು ತೆಗೆಯುತ್ತಾರೆ ಎಂದು ತಾವು ಮೂರನೇ ನೋಟಿಸು ಕಳಿಸಿದ್ದೀರಿ. ಏಳು ದಿನ ನಿನ್ನೆಗೆ ಮುಗಿಯಿತು. ಹಗ್ಗ ಇದ್ದಲ್ಲೇ ಇದೆ. ಈ ಪತ್ರವೂ ಅದೇ ಹಗ್ಗದ ಮೇಲೆ, ಎರಡು ಬೆಡ್‌ಶೀಟುಗಳ ನಡುವೆ, ನಾಲ್ಕು ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿದೆ. ಉದ್ಯಾನದ ಬಾಗಿಲಲ್ಲಿರುವ ಸೂಚನಾ ಫಲಕಕ್ಕೆ ಅಂಟಿಸಬಹುದಿತ್ತು. ಆದರೆ ಅಲ್ಲಿ ಏನೇ ಅಂಟಿಸಬೇಕಾದರೂ ಅಧ್ಯಕ್ಷರ ಮೊಹರು ಬೇಕೆಂದು ಒಂಬತ್ತನೇ ನಿಯಮ ಹೇಳುತ್ತದೆ. ಅಧ್ಯಕ್ಷರನ್ನು ತರಾಟೆಗೆ ತೆಗೆದುಕೊಳ್ಳುವ ಪತ್ರಕ್ಕೆ ಅಧ್ಯಕ್ಷರ ಮೊಹರನ್ನೇ ಕೇಳಲು ನನಗೆ ಸಂಕೋಚವಾಯಿತು.

ಸಂಗತಿ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಬಡಾವಣೆಯ ನಲವತ್ತೆಂಟು ಮನೆಗಳಲ್ಲಿ ಅರ್ಧದಷ್ಟು ಜನಕ್ಕೆ ಇದು ಗೊತ್ತಿರಲಾರದು. ನನ್ನ ಹೆಂಡತಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಎಡಭಾಗ ಪೂರ್ತಿ ಬಿದ್ದುಹೋಗಿದೆ. ಮಾತು ತೊದಲುತ್ತದೆ, ಬುದ್ಧಿ ಮಾತ್ರ ನನಗಿಂತ ಚುರುಕಾಗಿದೆ. ಇಪ್ಪತ್ತಾರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಕಂಡವರ ಹಾಸಿಗೆಯನ್ನೆಲ್ಲ ಒಂದು ಸುಕ್ಕಿಲ್ಲದ ಹಾಗೆ ಹಾಸಿದವಳು ಈಗ ತನ್ನ ಹಾಸಿಗೆಯ ಸುಕ್ಕನ್ನು ನನ್ನ ಕೈಲಿ ತೆಗೆಸುತ್ತಾಳೆ. ಎಲ್ಲವೂ ಮಲಗಿದಲ್ಲೇ ಆಗಬೇಕು. ದಿನಕ್ಕೆ ನಾಲ್ಕು ಬೆಡ್‌ಶೀಟು, ಕೆಲವು ದಿನ ಆರು. ಸೊಂಟದ ಹಿಂದೆ ಅಂಗೈ ಅಗಲದ ಹುಣ್ಣಾಗಿದೆ. ತೇವ ಆರದ ಬಟ್ಟೆ ತಾಗಿದರೆ ಅದು ಮತ್ತೆ ಬಾಯಿಬಿಡುತ್ತದೆ. ವೈದ್ಯರು ಹೇಳುವ ಮೊದಲೇ ಇದನ್ನು ಅವಳು ನನಗೆ ಹೇಳಿದ್ದಳು. ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ ಬೆಡ್‌ಶೀಟು ಮಾತ್ರ ಅವಳ ಮೈಕೆಳಗೆ ಹೋಗಬೇಕು. ನಮ್ಮ ಹಿತ್ತಿಲಲ್ಲಿ ಮೊದಲು ಬಿಸಿಲಿತ್ತು. ಸದಸ್ಯರ ಆರೋಗ್ಯಕ್ಕೆಂದು ತಾವು ಕಳೆದ ವರ್ಷ ಕಟ್ಟಿಸಿದ ವ್ಯಾಯಾಮಶಾಲೆಯ ಗೋಡೆ ಎದ್ದ ಮೇಲೆ ಅಲ್ಲಿ ಪಾಚಿ ಬೆಳೆಯುತ್ತಿದೆ. ಸದಸ್ಯರ ಆರೋಗ್ಯದ ಲೆಕ್ಕದಲ್ಲಿ ನನ್ನ ಹೆಂಡತಿಯ ಬೆನ್ನು ಸೇರಿರಲಿಲ್ಲ ಎಂದು ಕಾಣುತ್ತದೆ. ಈಗ ಬಿಸಿಲು ಬೀಳುವುದು ಮನೆಯ ಮುಂದೆ ಮಾತ್ರ, ಅದೂ ಒಂಬತ್ತರಿಂದ ಎರಡು ಗಂಟೆಯವರೆಗೆ.

ಈ ಐದು ಗಂಟೆಯ ಬಿಸಿಲಿಗೆ ಬಟ್ಟೆ ಹಾಕುವುದನ್ನು ತಮ್ಮ ನೋಟಿಸು ‘ಬಡಾವಣೆಯ ಅಂದಕ್ಕೆ ಧಕ್ಕೆ’ ಎನ್ನುತ್ತದೆ. ಅದಕ್ಕೆ ಆಧಾರವಾಗಿ ಹದಿನೇಳನೇ ನಿಯಮವನ್ನು ಇಡಿಯಾಗಿ ಎತ್ತಿ ಬರೆದಿದ್ದೀರಿ: ‘ರಸ್ತೆಗೆ ಕಾಣುವಂತೆ ಯಾವುದೇ ಬಟ್ಟೆಯನ್ನು, ಯಾವುದೇ ಕಾಲದಲ್ಲಿ, ಯಾವುದೇ ಕಾರಣಕ್ಕೆ ಒಣಹಾಕತಕ್ಕದ್ದಲ್ಲ.’ ಎಂಥ ಚೊಕ್ಕ ವಾಕ್ಯ ನೋಡಿ. ಮೂರು ‘ಯಾವುದೇ’ಗಳನ್ನು ಮೂರು ಮೊಳೆ ಹೊಡೆದ ಹಾಗೆ ಹೊಡೆದಿದೆ. ನುಸುಳಲು ಒಂದು ಇರುವೆಗೂ ಸಂದಿಲ್ಲ. ಇಷ್ಟು ಹೊಗಳಿದ್ದು ಸಾಕು, ಯಾಕೆಂದರೆ ಆ ವಾಕ್ಯ ಬರೆದವನು ನಾನೇ.

ಹೊಸ ಸದಸ್ಯರಿಗಾಗಿ ಹೇಳುತ್ತೇನೆ. ಒಂಬತ್ತು ವರ್ಷದ ಹಿಂದೆ ಈ ಸಂಘ ಹುಟ್ಟಿದಾಗ ಅದರ ಮೊದಲ ಕಾರ್ಯದರ್ಶಿ ನಾನು. ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ಆಗಷ್ಟೇ ನಿವೃತ್ತನಾಗಿದ್ದೆ, ಕೈ ತುರಿಸುತ್ತಿತ್ತು. ಸಮಿತಿಯವರು ನಿಯಮಾವಳಿಯ ಕೆಲಸವನ್ನು ನನ್ನ ತಲೆಗೆ ಕಟ್ಟಿದರು, ನಾನು ಖುಷಿಯಿಂದಲೇ ಕಟ್ಟಿಸಿಕೊಂಡೆ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಹದಿನೈದು ದಿನ ಬರೆದೆ. ಹೆಂಡತಿ ಎದುರಿಗೆ ಕೂತು ಬಟಾಣಿ ಬಿಡಿಸುತ್ತಾ ಒಂದೊಂದೇ ನಿಯಮ ಕೇಳಿಸಿಕೊಳ್ಳುತ್ತಿದ್ದಳು. ಹದಿನೇಳನೆಯದಕ್ಕೆ ಬಂದಾಗ ತಡೆದಳು. ಮನೆಯಲ್ಲಿ ಮಗುವಿದ್ದವರು ಏನು ಮಾಡಬೇಕು, ಹಾಸಿಗೆ ಹಿಡಿದವರಿದ್ದರೆ ಏನು ಮಾಡಬೇಕು ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಪೆನ್ನನ್ನೇ ಕಿತ್ತುಕೊಂಡು ನಿಯಮದ ಕೆಳಗೆ ಒಂದು ಸಾಲು ಸೇರಿಸಿದಳು: ‘ಮನೆಯಲ್ಲಿ ಹಸುಗೂಸು, ರೋಗಿ ಅಥವಾ ಏಳಲಾಗದ ಮುದುಕರಿದ್ದರೆ ಈ ನಿಯಮ ಅವರಿಗಿಲ್ಲ.’ ಅವಳು ಒಳಗೆ ಹೋಗುವುದನ್ನೇ ಕಾದಿದ್ದು ಆ ಸಾಲಿನ ಮೇಲೆ ನಾನು ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ‘ಅನಗತ್ಯ’ ಎಂದೂ ಬರೆದೆ. ಒಬ್ಬರಿಗೆ ಬಾಗಿಲು ತೆರೆದರೆ ಉಳಿದ ನಲವತ್ತೇಳು ಮನೆಯವರೂ ನೂಕಿಕೊಂಡು ಬರುತ್ತಾರೆ ಎಂಬುದು ಆಗ ನಾನು ನನಗೇ ಹೇಳಿಕೊಂಡ ಕಾರಣ. ನಿಜವಾದ ಕಾರಣ ಇನ್ನೂ ಸಣ್ಣದು. ಆ ಸಾಲು ಉಳಿದರೆ ನಿಯಮಾವಳಿ ಎಂಟನೇ ಪುಟಕ್ಕೆ ಹೋಗುತ್ತಿತ್ತು, ನನಗೆ ಅದು ಏಳು ಪುಟದಲ್ಲಿ ಮುಗಿಯಬೇಕಿತ್ತು.

ಆ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವಳು ಹದಿನಾಲ್ಕನೇ ಮನೆಯ ಹೆಣ್ಣುಮಗಳು, ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುವವಳು. ಏಳು ವರ್ಷದ ಹಿಂದೆ ಅವಳಿ ಮಕ್ಕಳನ್ನು ಹೆತ್ತಳು. ಮನೆಯ ಮುಂದೆ ಸಾಲಾಗಿ ಪುಟ್ಟ ಪುಟ್ಟ ಬಟ್ಟೆ. ನಾನು ಎರಡು ನೋಟಿಸು ಕೊಟ್ಟೆ. ಎರಡನೆಯದಕ್ಕೆ ಅವಳು ನಾಲ್ಕು ಸಾಲಿನ ಕ್ಷಮಾಪಣೆ ಬರೆದು ಕೊಟ್ಟು ಹಗ್ಗ ಬಿಚ್ಚಿದಳು. ಆ ನಾಲ್ಕು ಸಾಲಿನಲ್ಲಿ ಆರು ತಪ್ಪಿದ್ದವು. ಅಧ್ಯಕ್ಷರೇ, ಕಡತಕ್ಕೆ ಸೇರಿಸುವ ಮುಂಚೆ ಆ ಆರನ್ನೂ ನಾನು ಕೆಂಪು ಪೆನ್ಸಿಲಿನಲ್ಲಿ ತಿದ್ದಿದೆ. ಆ ಚಳಿಗಾಲವೆಲ್ಲ ಅವಳು ಮಕ್ಕಳು ಮಲಗುವ ಕೋಣೆಯಲ್ಲೇ ಫ್ಯಾನು ಹಾಕಿ ಬಟ್ಟೆ ಒಣಗಿಸಿದಳಂತೆ. ಗೋಡೆಗೆ ಬೂಷ್ಟು ಹಿಡಿಯಿತಂತೆ. ಎರಡೂ ಮಕ್ಕಳು ಎದೆ ಕಟ್ಟಿ ಮೂರು ತಿಂಗಳು ಕೆಮ್ಮಿದವಂತೆ. ಇದೆಲ್ಲ ನನಗೆ ಗೊತ್ತಾದದ್ದು ಈ ವರ್ಷ.

ಗೊತ್ತಾದ ಬಗೆಯನ್ನೂ ಹೇಳಬೇಕು. ಒದ್ದೆ ಬೆಡ್‌ಶೀಟನ್ನು ಒಬ್ಬನೇ ಹಿಂಡಲು ಆಗುವುದಿಲ್ಲ ಎಂಬಷ್ಟು ಲೋಕಜ್ಞಾನವೂ ನನಗೆ ಎಪ್ಪತ್ತನೇ ವಯಸ್ಸಿನವರೆಗೆ ಇರಲಿಲ್ಲ. ಮನೆಯಲ್ಲಿದ್ದ ವಾಷಿಂಗ್ ಮೆಷಿನ್ನು ಎರಡನೇ ತಿಂಗಳಿಗೇ ಕೈಯೆತ್ತಿತ್ತು. ನೀರು ಸೋರುವ ಬೆಡ್‌ಶೀಟನ್ನು ಹಾಗೇ ಹಗ್ಗಕ್ಕೆ ಎಸೆದು, ಮೈಯೆಲ್ಲ ತೋಯಿಸಿಕೊಂಡು ನಿಂತಿದ್ದೆ. ಪಾಳಿ ಮುಗಿಸಿ ಬರುತ್ತಿದ್ದ ಹದಿನಾಲ್ಕನೇ ಮನೆಯವಳು ಗೇಟು ತೆಗೆದು ಒಳಗೆ ಬಂದಳು. ಏನು, ಎತ್ತ ಎಂದು ಕೇಳದೆ ಇನ್ನೊಂದು ತುದಿ ಹಿಡಿದಳು. ನೀವು ಆ ಕಡೆ ತಿರುಗಿಸಿ, ನಾನು ಈ ಕಡೆ ತಿರುಗಿಸುತ್ತೇನೆ ಎಂದಳು. ಅಂದಿನಿಂದ ದಿನಾ ಒಂಬತ್ತೂವರೆಗೆ ಬರುತ್ತಾಳೆ. ಹಳೆಯ ನೋಟಿಸಿನ ಮಾತೆತ್ತಲು ಧೈರ್ಯ ಸಾಲದೆ ನಾನು ಒಂದು ತಿಂಗಳು ಒದ್ದಾಡಿದೆ. ಕೊನೆಗೆ ಒಂದು ದಿನ, ಬೆಡ್‌ಶೀಟು ನಮ್ಮಿಬ್ಬರ ನಡುವೆ ಹುರಿಯಾಗಿ ನಿಂತಿದ್ದಾಗ, ಆ ಚಳಿಗಾಲ ಹೇಗೆ ಕಳೆದಿರಿ ಎಂದು ಕೇಳಿಯೇಬಿಟ್ಟೆ. ಮೇಲೆ ಬರೆದದ್ದನ್ನೆಲ್ಲ ಅವಳು ಬೇರೆ ಯಾರದೋ ಮನೆಯ ಸಂಗತಿ ಹೇಳುವ ಹಾಗೆ ಹೇಳಿದಳು. ಹಿಂಡುವುದನ್ನು ನಿಲ್ಲಿಸಲಿಲ್ಲ.

"ಆಗ ನೀವು ಒಂದ್ಸಲ ಒಳಗೆ ಬಂದು ನೋಡಿದ್ರೆ ಸಾಕಿತ್ತು, ಸಾರ್" ಎಂದಳು.

ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ತಾವೂ ಬಂದಿದ್ದಿರಿ, ಎರಡನೇ ನೋಟಿಸಿನ ಮಾರನೇ ದಿನ, ಈಗಿನ ಕಾರ್ಯದರ್ಶಿಯವರನ್ನು ಜೊತೆಗೆ ಕರೆದುಕೊಂಡು. ಗೇಟಿನ ಆಚೆಯೇ ನಿಂತಿರಿ. ಬಟ್ಟೆ ಒಣಗಿಸುವ ಯಂತ್ರ ಕೊಳ್ಳಬಾರದೇ ಎಂದಿರಿ. ಬಿಸಿಲು ಕಣ್ಣೆದುರಿಗೇ ಬಿದ್ದಿರುವಾಗ ಯಂತ್ರ ಯಾಕೆ ಎಂದೆ. ಎದುರು ಮನೆಯವರಿಗೆ ಕಾಣಿಸುತ್ತದಲ್ಲ ಎಂದಿರಿ. ಎದುರು ಮನೆಯವರು ಆಗ ಗಿಡಕ್ಕೆ ನೀರು ಹಾಕುತ್ತಾ ಅಲ್ಲೇ ಇದ್ದರು. ತಮಗೇನೂ ತೊಂದರೆಯಿಲ್ಲ ಎಂದು ಅವರೇ ಕೂಗಿ ಹೇಳಿದ್ದನ್ನು ಕಾರ್ಯದರ್ಶಿಯವರು ಬರೆದುಕೊಳ್ಳಲಿಲ್ಲ. ಹಾಗಾದರೆ ವೈದ್ಯರ ಪ್ರಮಾಣಪತ್ರ ಮತ್ತು ರೋಗಿಯ ಎರಡು ಫೋಟೋ ಲಗತ್ತಿಸಿ ಅರ್ಜಿ ಕೊಡಿ, ಉಪಸಮಿತಿ ಪರಿಶೀಲಿಸುತ್ತದೆ ಎಂದಿರಿ. ಆಮೇಲೆ ದನಿ ತಗ್ಗಿಸಿದಿರಿ.

"ನೀವು ಹಳಬರು. ನಿಮ್ಮೊಬ್ಬರ ವಿಷಯದಲ್ಲಿ ಕಣ್ಣು ಮುಚ್ಕೊಂಡಿರ್ತೀವಿ. ಬೇರೆಯವ್ರಿಗೆ ಮಾತ್ರ ಹೇಳೋಕೆ ಹೋಗ್ಬೇಡಿ" ಎಂದಿರಿ.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೆ ಆಸೆಯಾಯಿತು. ಆಮೇಲೆ ಯೋಚಿಸಿದೆ. ತಾವು ಮುಚ್ಚಿಕೊಳ್ಳುವ ಕಣ್ಣು ಮತ್ತೆ ಯಾವಾಗ ತೆರೆಯುತ್ತದೆ? ನಾನು ವ್ಯಾಯಾಮಶಾಲೆಯ ಗೋಡೆಯ ಬಗ್ಗೆ ಬಾಯಿ ತೆರೆದ ದಿನವೇ? ಮುಂದಿನ ಚುನಾವಣೆಯಲ್ಲಿ ತಮ್ಮ ಎದುರಾಳಿಗೆ ಕೈ ಎತ್ತಿದ ದಿನವೇ? ಇನ್ನು ಆ ಫೋಟೋ. ಉಪಸಮಿತಿಯ ಐವರು ಗಂಡಸರು ನನ್ನ ಹೆಂಡತಿಯ ಬೆನ್ನಿನ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ಏನು ಪರಿಶೀಲಿಸುತ್ತಾರೆ? ಹುಣ್ಣು ಎಷ್ಟು ಅಗಲವಿದ್ದರೆ ಎಷ್ಟು ಮಾರು ಹಗ್ಗ ಮಂಜೂರಾಗುತ್ತದೆ? ಜೀವಮಾನವಿಡೀ ರೋಗಿಗಳ ಸುತ್ತ ಪರದೆ ಎಳೆದು ಅವರ ಮಾನ ಕಾಪಾಡಿದ ಹೆಂಗಸಿಗೆ ತಾವು ಕೊಡುವ ಮರ್ಯಾದೆ ಇದೇ ಏನು?

ಅಂದದ ಮಾತಿಗೇ ಬರುತ್ತೇನೆ. ನಮ್ಮ ಬೀದಿಯಲ್ಲಿ ಹನ್ನೆರಡು ಕಾರುಗಳು ಮೈತುಂಬ ಹೊದ್ದುಕೊಂಡು ನಿಂತಿವೆ. ಮಳೆ ಬಂದು ನಿಂತ ಮರುದಿನ ಆ ಹೊದಿಕೆಗಳನ್ನೆಲ್ಲ ಗೇಟು, ಕಾಂಪೌಂಡಿನ ಮೇಲೆ ಹರವಿ ಒಣಗಿಸುತ್ತಾರೆ. ತಮ್ಮ ಮನೆಯದಂತೂ ನೀಲಿ ಬಣ್ಣದ್ದು, ಬೀದಿಯ ಆ ತುದಿಯಿಂದಲೇ ಕಾಣುತ್ತದೆ. ‘ಯಾವುದೇ ಬಟ್ಟೆ’ ಎಂದರೆ ಅದೂ ಬಟ್ಟೆಯೇ ತಾನೇ? ಬರೆದವನನ್ನೇ ಕೇಳಿ, ಹೌದು ಎನ್ನುತ್ತೇನೆ. ಆದರೂ ಇವತ್ತಿನವರೆಗೆ ಒಂದು ಕಾರಿಗೂ ನೋಟಿಸು ಹೋದದ್ದನ್ನು ನಾನು ಕಾಣೆ. ಕಾರಿನ ಬೆನ್ನು ಬೆಚ್ಚಗಿರಬೇಕು, ಮನುಷ್ಯರ ಬೆನ್ನು ಕೊಳೆತರೂ ಚಿಂತೆಯಿಲ್ಲ ಎಂಬುದು ಸಂಘದ ನಿಲುವಾಗಿದ್ದರೆ ಅದನ್ನೂ ಒಂದು ನಿಯಮ ಮಾಡಿ ಅಚ್ಚು ಹಾಕಿಸಿ. ಪ್ರೂಫ್ ಬೇಕಾದರೆ ನಾನೇ ನೋಡಿಕೊಡುತ್ತೇನೆ.

ಮೊದಲ ಎರಡು ನೋಟಿಸನ್ನು ಹೇಗೋ ಮುಚ್ಚಿಟ್ಟಿದ್ದೆ, ಮೂರನೆಯದನ್ನು ಹೆಂಡತಿಗೆ ಓದಿ ಹೇಳಿದೆ. ಈಗ ಅವಳಿಂದ ಹೆಚ್ಚು ದಿನ ಏನನ್ನೂ ಮುಚ್ಚಿಡಲು ಆಗುವುದಿಲ್ಲ, ಬೆಡ್‌ಶೀಟಿನ ವಾಸನೆಯಿಂದಲೇ ಅವತ್ತು ಬಿಸಿಲಿತ್ತೋ ಮೋಡವಿತ್ತೋ ಹೇಳಿಬಿಡುತ್ತಾಳೆ. ಕಣ್ಣು ಮುಚ್ಚಿಕೊಂಡು ಕೊನೆಯವರೆಗೆ ಕೇಳಿದಳು. ಚೆನ್ನಾಗಿ ಬರೆದಿದ್ದಾರೆ ಎಂದಳು. ನಿಯಮ ನಾನೇ ಬರೆದದ್ದಲ್ಲವೇ ಎಂದೆ.

"ಗೊತ್ತು. ನನ್ನ ಸಾಲೆಲ್ಲಿ?"

ಒಂಬತ್ತು ವರ್ಷ ಅವಳು ತನ್ನ ಸಾಲು ನಿಯಮದಲ್ಲಿದೆ ಎಂದೇ ನಂಬಿದ್ದಳು. ನಿಯಮಾವಳಿ ಅಚ್ಚಾಗಿ ಬಂದಾಗ, ಆಗಲೇ ಕೇಳಿದ್ದನ್ನು ಮತ್ತೆ ಓದುವುದೇನೆಂದು ಕಪಾಟಿನಲ್ಲಿಟ್ಟವಳು. ಹದಿನಾಲ್ಕನೇ ಮನೆಗೆ ಕೊಟ್ಟ ನೋಟಿಸಿನ ವಿಷಯವನ್ನು ನಾನು ಮನೆಯಲ್ಲಿ ಉಸಿರೆತ್ತಿರಲಿಲ್ಲ. ಈಗ ಎಲ್ಲವನ್ನೂ ಹೇಳಿದೆ, ಕೆಂಪು ಗೆರೆ, ಅವಳಿ ಮಕ್ಕಳು, ಏಳನೇ ಪುಟ, ಎಲ್ಲವನ್ನೂ.

"ಹೊಡೆದು ಹಾಕಿದ್ದು ನೀವೇ ಅಲ್ವಾ? ನೀವೇ ಸೇರ್ಸಿ" ಎಂದು ಮುಖ ಆ ಕಡೆ ಮಾಡಿಕೊಂಡಳು. ಆಮೇಲೆ ಎರಡು ದಿನ ಮಾತಿಲ್ಲ. ಅದು ಕಾಯಿಲೆಯ ಮೌನವಲ್ಲ ಎಂದು ನಲವತ್ತು ವರ್ಷ ಸಂಸಾರ ಮಾಡಿದವನಿಗೆ ತಿಳಿಯದೇ?

ಅದಕ್ಕೇ ಸೇರಿಸುತ್ತಿದ್ದೇನೆ. ಹಳೆಯ ಪೆಟ್ಟಿಗೆಯಲ್ಲಿ ಹುಡುಕಿದೆ, ಆ ಕರಡು ಸಿಕ್ಕಿತು. ಅವಳ ದುಂಡು ಅಕ್ಷರ, ಅದರ ಮೇಲೆ ನನ್ನ ಗೆರೆ, ಪಕ್ಕದಲ್ಲಿ ನನ್ನ ‘ಅನಗತ್ಯ’. ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿಯಿತ್ತು. ಅವಸರದಲ್ಲಿ ಹೊಡೆದು ಹಾಕಿದ ಸಾಲು ಬೇಕೇ ಬೇಕು ಎಂದು ಆಮೇಲೆ ಅನ್ನಿಸಿದರೆ, ಅದರ ಕೆಳಗೆ ಉದ್ದಕ್ಕೂ ಚುಕ್ಕೆಯಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತಿದ್ದೆವು. ಅಷ್ಟು ಬರೆದರೆ ಅಚ್ಚು ಜೋಡಿಸುವವರು ಆ ಸಾಲನ್ನು ಮುಟ್ಟುತ್ತಿರಲಿಲ್ಲ. ನಿನ್ನೆ ಕೆಂಪು ಪೆನ್ಸಿಲಿನಲ್ಲೇ ಚುಕ್ಕೆಯಿಟ್ಟೆ, ‘ಇರಲಿ’ ಎಂದು ಬರೆದೆ. ಅವಳಿಗೆ ತೋರಿಸಿದೆ. ಅಕ್ಷರ ಕೆಟ್ಟುಹೋಗಿದೆ ನಿಮ್ಮದು ಎಂದಳು. ಎರಡು ದಿನದ ಮೇಲೆ ಆಡಿದ ಮೊದಲ ಮಾತು, ನನಗೆ ಹೋದ ಜೀವ ಬಂತು. ಆ ಹಾಳೆ ಈ ಪತ್ರದ ಪಕ್ಕದಲ್ಲೇ ತೂಗುತ್ತಿದೆ.

ಈಗ ನನ್ನ ಬೇಡಿಕೆ. ಭಾನುವಾರದ ಮಹಾಸಭೆಯಲ್ಲಿ ಈ ಸಾಲನ್ನು ಮತಕ್ಕೆ ಹಾಕಿ. ಅರ್ಜಿ, ಪ್ರಮಾಣಪತ್ರ, ಫೋಟೋ ಯಾವುದನ್ನೂ ಯಾವ ಮನೆಯವರಿಂದಲೂ ಕೇಳಕೂಡದು. ಹದಿನಾಲ್ಕನೇ ಮನೆಗೆ ಕೊಟ್ಟ ಎರಡು ನೋಟಿಸನ್ನೂ ವಾಪಸು ಪಡೆದೆವೆಂದು ಸಂಘ ಬರೆದುಕೊಡಲಿ. ಅವಳಲ್ಲಿ ಕ್ಷಮೆ ಕೇಳಿ ನಾನು ಬರೆದ ಪತ್ರವನ್ನು ಅದೇ ಸಭೆಯಲ್ಲಿ ಎದ್ದುನಿಂತು ಓದುತ್ತೇನೆ. ಅದರಲ್ಲಿ ತಪ್ಪಿದ್ದರೆ ಅವಳೇ ತಿದ್ದಲಿ. ಅಲ್ಲಿಯವರೆಗೆ ಹಗ್ಗ ಬಿಚ್ಚುವುದಿಲ್ಲ. ಕಾವಲುಗಾರರನ್ನು ಕಳಿಸಿದರೆ ಅವರನ್ನು ನಾನು ತಡೆಯುವುದಿಲ್ಲ, ಅವರು ಹೊಟ್ಟೆಪಾಡಿಗೆ ಬಂದವರು. ಆದರೆ ಹಗ್ಗ ಬಿಚ್ಚುವ ಮೊದಲು ಅದರ ಮೇಲಿನ ಒದ್ದೆ ಬೆಡ್‌ಶೀಟನ್ನು ಯಾರಾದರೂ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಹಿಡಿದವರು ಒಳಗೆ ಬಂದು, ಇದನ್ನು ಎಲ್ಲಿ ಹಾಕಲಿ ಎಂದು ನನ್ನ ಹೆಂಡತಿಯನ್ನೇ ಕೇಳಲಿ. ಅವರು ಹೋದ ಮೇಲೆ ನಾನು ಬೇರೆ ಹಗ್ಗ ಕಟ್ಟುತ್ತೇನೆ. ಒಂದು ಸುರುಳಿ ತಂದಿಟ್ಟಿದ್ದೇನೆ.

ಅದಕ್ಕೂ ಮೊದಲು ತಾವೇ ಒಮ್ಮೆ ಬನ್ನಿ. ಫೋಟೋ ಕೊಡುವುದಿಲ್ಲ, ಆದರೆ ಬರುವವರು ಬರಲಿ ಎಂದು ಅವಳೇ ಹೇಳಿದ್ದಾಳೆ. ಗೇಟಿಗೆ ಚಿಲಕ ಹಾಕಿಲ್ಲ. ಒಂಬತ್ತರಿಂದ ಎರಡು ಗಂಟೆಯ ನಡುವೆ ಬಂದರೆ ಮಾತ್ರ ಹಗ್ಗದ ಕೆಳಗೆ ಸ್ವಲ್ಪ ತಲೆ ಬಗ್ಗಿಸಿ ಒಳಗೆ ಬರಬೇಕಾಗುತ್ತದೆ.

ಇಂತಿ,
ಹೆಂಡತಿಯ ಒಂದು ಸಾಲು ಹೊಡೆದು ಹಾಕಿ, ಈಗ ದಿನಕ್ಕೆ ನಾಲ್ಕು ಬೆಡ್‌ಶೀಟು ಒಗೆಯುತ್ತಿರುವ
ಮೂವತ್ತೊಂದನೇ ಮನೆಯ ಪ್ರೂಫ್ ರೀಡರ್